ನಾಲ್ಕನೆಯ ಕನ್ನಡಿಯ ತಿದ್ದುಪಡಿ

ಮಾರ್ಚ್ ೯

ಚಿರಂಜೀವಿ ಯಾಕಮ್ಮನ ಸಮಕ್ಷಮಕ್ಕೆ,

ಇಲ್ಲಿ ನಾನೂ ನಿನ್ನ ದೊಡ್ಡಮ್ಮನೂ ಯಥಾಸ್ಥಿತಿಯಲ್ಲಿದ್ದೇವೆ. ಬೆಟ್ಟದ ಮೇಲೆ ನೀನೂ ಹಾಗೆಯೇ ಇರುವೆ ಎಂಬ ಭಾವನೆಯ ಮೇರೆಗೆ ಈ ಕೆಳಕಂಡ ಸಂಗತಿಗಳನ್ನು ನಿನ್ನ ಅವಗಾಹನೆಗೆ ತರಲಾಗಿದೆ.

ಮೊದಲನೆಯದಾಗಿ, ಫೋನಿನಲ್ಲಿ ಆಡಿದ ಮಾತಿಗೆ ಸಹಿ ಇರುವುದಿಲ್ಲ. ಆದಕಾರಣ ನಾನು ಪತ್ರವನ್ನೇ ಬರೆಯತಕ್ಕವನು, ನೀನೂ ಪತ್ರದಲ್ಲಿಯೇ ಉತ್ತರಿಸತಕ್ಕವಳು. ನನ್ನ ತಮ್ಮ ತೀರಿಕೊಂಡು ನೀನು ನಮ್ಮ ಕೈಗೆ ಬಂದ ದಿನದಿಂದ ಕಂಡದ್ದಕ್ಕೆಲ್ಲ "ಯಾಕೆ?" ಎಂದು ಕೇಳಿ ಈ ಹೆಸರನ್ನು ಸಂಪಾದಿಸಿದವಳು. ಈಗ ಕೇಳುವ ಸರದಿ ನನ್ನದಾಗಿದೆ.

ಎರಡನೆಯದಾಗಿ, ತಾಲ್ಲೂಕು ಕಚೇರಿಯ ಮೆಟ್ಟಿಲ ಕೆಳಗೆ ನನ್ನ ಮೇಜು ಈಗಲೂ ಇದ್ದಲ್ಲಿಯೇ ಇದೆ. ಎದುರಿನ ಜೆರಾಕ್ಸ್ ಅಂಗಡಿಯವನು ಕಣ್ಣು ಮಿಟುಕಿಸುವುದರೊಳಗೆ ಕಟ್ಟುಗಟ್ಟಲೆ ಪ್ರತಿ ತೆಗೆಯಬಲ್ಲ. ಆದರೆ ಅರ್ಜಿಯೊಂದರ ಶುದ್ಧಪ್ರತಿಯನ್ನು, ಒಂದು ಚಿತ್ತೂ ಇಲ್ಲದೆ, ಓದಿದ ಅಧಿಕಾರಿಯ ಮನಸ್ಸು ಕರಗುವಂತೆ ಕೈಯಲ್ಲಿ ಬರೆದುಕೊಡುವವನು ಈ ರಸ್ತೆಗೆ ನಾನೊಬ್ಬನೇ. ಪ್ರತಿಯೊಂದು ಅರ್ಜಿಯನ್ನೂ "ಮಾನ್ಯರೆ" ಎಂದೇ ಆರಂಭಿಸುವುದರಿಂದ ಬೀದಿಯವರು ನನ್ನನ್ನೇ ಮಾನ್ಯರೆ ಎಂದು ಕರೆಯುತ್ತಾರೆ. ಅದು ಗೇಲಿಯೋ ಗೌರವವೋ ಎಂಬ ವಿಷಯದಲ್ಲಿ ನಾನು ವಿಚಾರಣೆ ನಡೆಸಲು ಹೋಗಿಲ್ಲ.

ನಿನ್ನೆ ಆ ಜೆರಾಕ್ಸಿನವನು ನಾಲ್ಕು ಜನರ ಎದುರಿಗೆ ಕೇಳಿದ:

"ಮಾನ್ಯರೆ, ನಿಮ್ಮ ಹುಡುಗಿ ಆ ಬೆಟ್ಟದ ಮೇಲೆ ಏನ್ ಕೆಲಸ ಮಾಡ್ತಾಳೆ?"

"ನಕ್ಷತ್ರಗಳ ನಡುವೆ ಒಂದು ಭಾರೀ ಕಪ್ಪುಕುಳಿ ಇದೆ ಕಣಯ್ಯ. ಅದು ಯಾವ ಕಡೆ ವಾಲಿದೆ ಅಂತ ಅಳೀತಾಳೆ."

"ಕಪ್ಪುಕುಳಿ ಅಂದ್ರೆ ಕಾಣೋದೇ ಇಲ್ವಲ್ಲ! ಕಾಣದೇ ಇರೋದು ಎಡಕ್ಕೆ ವಾಲಿದ್ರೇನು, ಬಲಕ್ಕೆ ವಾಲಿದ್ರೇನು?"

ಎಲ್ಲರೂ ನಕ್ಕರು. ನಾನು ಲೇಖನಿಯ ಮುಚ್ಚಳ ಹುಡುಕುವವನಂತೆ ತಲೆ ಬಗ್ಗಿಸಿಬಿಟ್ಟೆ. ಈ ಬಗ್ಗೆ ನಾಲ್ಕು ಜನರ ಮುಂದೆ ಓದಿ ಹೇಳಬಹುದಾದಂಥ ಸ್ಪಷ್ಟ ಉತ್ತರವನ್ನು ಬೇಗನೆ ಒದಗಿಸತಕ್ಕದ್ದು.

ನಗೆಪಾಟಲಾದ,
ನಿನ್ನ ದೊಡ್ಡಪ್ಪ


ಮಾರ್ಚ್ ೨೮

ದೊಡ್ಡಪ್ಪನವರಿಗೆ ಯಾಕಮ್ಮನ ನಮಸ್ಕಾರಗಳು.

ನಿಮ್ಮ ಪತ್ರ ಸಾಮಾನಿನ ಜೀಪಿನಲ್ಲಿ, ಆಲೂಗಡ್ಡೆ ಚೀಲದ ಜೊತೆಗೆ ಮೇಲೆ ಬಂತು. ಜೆರಾಕ್ಸಿನವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ನಿರ್ದೇಶಕರೂ ಹತ್ತು ವರ್ಷದಿಂದ ಅದನ್ನೇ ಕೇಳುತ್ತಿದ್ದಾರೆ.

ಕುಳಿ ಕಾಣುವುದಿಲ್ಲ, ನಿಜ. ಆದರೆ ಅದರ ಸುತ್ತ ಕಾದ ಅನಿಲ ಸುತ್ತುತ್ತಿರುತ್ತದೆ. ಒಮ್ಮೊಮ್ಮೆ ಅದರಲ್ಲಿ ಒಂದು ಉಂಡೆ ಭಗ್ಗನೆ ಹೊಳೆದು, ಗಂಟೆಯೊಂದರಲ್ಲಿ ಕುಳಿಗೆ ಒಂದು ಪ್ರದಕ್ಷಿಣೆ ಹಾಕಿಬಿಡುತ್ತದೆ. ನಡುವಿನ ಧೂಳನ್ನು ನಮ್ಮ ಕಣ್ಣಿನ ಬೆಳಕು ದಾಟಲಾರದು. ಕೆಂಪಿಗಿಂತ ಆಚೆಗಿನ, ಕಾದ ಕಬ್ಬಿಣದಿಂದ ಕೆನ್ನೆಗೆ ತಟ್ಟುವಂಥ ಅವಕೆಂಪು ಬೆಳಕು ದಾಟಿ ಬರುತ್ತದೆ. ನಾವು ಹಿಡಿಯುವುದು ಅದನ್ನು.

ಈಗ ಹಗ್ಗದ ಒಂದು ತುದಿಯನ್ನು ಗೋಡೆಗೆ ಕಟ್ಟಿ, ಇನ್ನೊಂದನ್ನು ಅಲುಗಿಸಿ ನೋಡಿ. ಹಗ್ಗ ಮೇಲೆ ಕೆಳಗೆ ಕುಣಿಯಬಹುದು, ಇಲ್ಲವೇ ಅಕ್ಕಪಕ್ಕಕ್ಕೆ ಕುಣಿಯಬಹುದು. ಬೆಳಕಿಗೂ ಹಾಗೆ ಕುಣಿಯುವ ದಿಕ್ಕೊಂದು ಇರುತ್ತದೆ. ಅದನ್ನು ಧ್ರುವೀಕರಣ ಎನ್ನುತ್ತೇವೆ. ಉಂಡೆ ಸುತ್ತಿದಂತೆ ಆ ದಿಕ್ಕೂ ಸುತ್ತುತ್ತದೆ. ಬುಗುರಿಯನ್ನು ಪಕ್ಕದಿಂದ ನೋಡಿದರೆ ಒಂದು ತೆರ, ನೆತ್ತಿಯ ಮೇಲಿಂದ ನೋಡಿದರೆ ಇನ್ನೊಂದು ತೆರ ಅಲ್ಲವೇ? ದಿಕ್ಕು ಹೇಗೆ ಸುತ್ತಿತು ಎಂಬುದರಿಂದ ನಾವು ಆ ಬುಗುರಿಯನ್ನು ಎಲ್ಲಿಂದ ನೋಡುತ್ತಿದ್ದೇವೆ ಎಂದು ಹೇಳಬಹುದು.

ತೊಡಕಿರುವುದು ನಮ್ಮ ಕಡೆಯಲ್ಲಿ. ಇಲ್ಲಿ ನಾಲ್ಕು ದೂರದರ್ಶಕಗಳಿವೆ. ನಾಲ್ಕರ ಬೆಳಕೂ ಕನ್ನಡಿಯಿಂದ ಕನ್ನಡಿಗೆ ಹಾರಿ, ಬೆಟ್ಟದೊಳಗಿನ ಸುರಂಗದಲ್ಲಿ ಒಂದಾಗುತ್ತದೆ. ಪ್ರತಿಯೊಂದು ಕನ್ನಡಿಯೂ ಆ ಕುಣಿತದ ದಿಕ್ಕನ್ನು ಒಂದಿಷ್ಟು ತಿರುಚುತ್ತದೆ. ಹೀಗಾಗಿ ಕುಳಿ ಎಷ್ಟು ವಾಲಿದೆ ಎನ್ನುವ ಮೊದಲು ನಾವೆಷ್ಟು ವಾಲಿದ್ದೇವೆ ಎಂದು ಹೇಳಬೇಕು. ಆ ಲೆಕ್ಕ ನನ್ನ ಪಾಲಿಗೆ ಬಂದಿದೆ. ವಾರಕ್ಕೊಮ್ಮೆ ಕನ್ನಡಿ ಮೇಸ್ತ್ರಿಗಳು ಸುರಂಗಕ್ಕೆ ಇಳಿದು, ಕನ್ನಡಿಗಳ ತಿರುಪು ತಿರುಗಿಸಿ ನೇರ ಮಾಡಿ, ಒಳಗಿನ ಫೋನಿನಲ್ಲಿ ನನಗೆ ಕೂಗಿ ಹೇಳುತ್ತಾರೆ: "ಮೂರನೇದು, ಎಡಕ್ಕೆ ಒಂದು ಕೂದಲು. ನಾಲ್ಕನೇದು, ಬಲಕ್ಕೆ ಕಾಲು ಸುತ್ತು." ನಾನು ಅದನ್ನು ಬರೆದುಕೊಂಡು ಕಳೆಯುತ್ತೇನೆ. ಕಳೆದ ಮೇಲೆ ಎಲ್ಲವೂ ಸೊನ್ನೆ.

ಬೆಳಗಾಗುವ ಹೊತ್ತಿಗೆ ನಾವು ಮಲಗಲು ಹೋಗುತ್ತೇವೆ. ನಾಲ್ಕನೆಯ ದೂರದರ್ಶಕದ ಕೆಳಗೆ, ಇಳಿಜಾರಿಗೆ ಬೆನ್ನು ಕೊಟ್ಟು ಕಟ್ಟಿದ ಎರಡಂತಸ್ತಿನ ವಸತಿ, ಕೆಳಮನೆ ಎನ್ನುತ್ತಾರೆ. ದಪ್ಪ ಪರದೆ ಎಳೆದರೆ ಹಗಲೇ ಕತ್ತಲು. ನನ್ನ ಕೋಣೆ ಬಂಡೆಯ ಕಡೆಗಿದೆ, ತಂಪಾಗಿದೆ.

ದೊಡ್ಡಮ್ಮನ ಮಂಡಿನೋವು ಹೇಗಿದೆ? ಅದನ್ನು ನೀವು ಬರೆಯಲೇ ಇಲ್ಲ.

ನಿಮ್ಮ
ಯಾಕಮ್ಮ


ಏಪ್ರಿಲ್ ೧೫

ಚಿರಂಜೀವಿಗೆ,

ನಿನ್ನ ಉತ್ತರವನ್ನು ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳಿಸುವಂತೆ ಓದಲಾಯಿತು. ಬುಗುರಿಯ ಭಾಗಕ್ಕೆ ಬಂದಾಗ ಜೆರಾಕ್ಸಿನವನು ಯಂತ್ರವನ್ನು ನಿಲ್ಲಿಸಿ ಕೇಳಿದ. ಕೊನೆಗೆ, "ಅಂದ್ರೆ ಮಾನ್ಯರೆ, ಅದು ನಮ್ಮ ಕಡೆಗೇ ನೆತ್ತಿ ತೋರಿಸ್ತಾ ಇದ್ರೆ?" ಎಂದ. ನನಗೂ ಅದೇ ಸಂಶಯ ಬಂದಿದ್ದರಿಂದ ಅವನನ್ನು ಗದರಿಸಿ ಸುಮ್ಮನಾಗಿಸಿದೆ.

ನಿನ್ನ ಹೆಸರು ಅಚ್ಚಾಗಿ ಬರುವ ಹಾಳೆಗೆಂದು ಗಾಜಿನ ಚೌಕಟ್ಟೊಂದನ್ನು ಮಾಡಿಸಿ ಗೋಡೆಗೆ ತೂಗುಹಾಕಿದ್ದೇನೆ. ಸದ್ಯಕ್ಕೆ ಖಾಲಿ ಇದೆ. ನಿನ್ನ ದೊಡ್ಡಮ್ಮ ಅದರ ಧೂಳು ಒರೆಸುವಾಗಲೆಲ್ಲ "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ" ಎಂದು ಹಾಡಿದ ಹಾಗೆ ಹೇಳುತ್ತಾಳೆ. ಅವಳ ಮಂಡಿ ಇನ್ನೂ ಅವಳ ಮಾತು ಕೇಳುತ್ತಿಲ್ಲ. ಆದರೆ ಬಾಯಿಗೆ ಯಾವ ತೊಂದರೆಯೂ ಇಲ್ಲ.

ಬಂಡೆಯ ಕಡೆಯ ಕೋಣೆ ಬೇಡವೆಂದು ಅವಳು ಹೇಳುತ್ತಾಳೆ. ಥಂಡಿ ಹಿಡಿಯುತ್ತದಂತೆ. ಈ ಅಂಶವನ್ನು ಅವಳ ಒತ್ತಾಯದ ಮೇರೆಗೆ ನಮೂದಿಸಲಾಗಿದೆ.

ಚೌಕಟ್ಟಿನ ಯಜಮಾನ,
ದೊಡ್ಡಪ್ಪ


ಮೇ ೧೯

ದೊಡ್ಡಪ್ಪನವರಿಗೆ,

ಬರೆಯುವುದು ತಡವಾಯಿತು. ಬರೆಯಲೋ ಬೇಡವೋ ಎಂಬ ಯೋಚನೆಯಲ್ಲಿ ಎರಡು ಜೀಪುಗಳನ್ನು ಬಿಟ್ಟುಬಿಟ್ಟೆ.

ವಾರವಾರವೂ ಕಳೆದು ಸೊನ್ನೆ ಮಾಡುವ ಸಂಖ್ಯೆಗಳ ಬಗ್ಗೆ ಹೇಳಿದ್ದೆನಲ್ಲ. ಇದುವರೆಗೆ ಅವುಗಳನ್ನು ಯಾರೂ ಹಿಂತಿರುಗಿ ನೋಡಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಕನ್ನಡಿ ನೇರವಾದರೆ ಸಾಕು, ಅದರ ತಿರುಪು ಎಲ್ಲಿ ನಿಂತಿದೆ ಎಂಬುದು ಯಾರಿಗೆ ಬೇಕು? ಧ್ರುವೀಕರಣಕ್ಕೆ ಮಾತ್ರ ಅದು ಬೇಕು. ಆದ್ದರಿಂದ ನಾನು ಹಳೆಯ ತಿದ್ದುಪಡಿಗಳನ್ನೆಲ್ಲ ಕೂಡಿಸುತ್ತ ಬಂದೆ. ಮೊದಲ ಮೂರು ದೂರದರ್ಶಕಗಳಲ್ಲಿ ಒಂದು ವಾರ ಎಡಕ್ಕೆ, ಒಂದು ವಾರ ಬಲಕ್ಕೆ. ಕೂಡಿಸಿದರೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ನಾಲ್ಕನೆಯದರಲ್ಲಿ ಎಲ್ಲವೂ ಬಲಕ್ಕೆ. ವರ್ಷಗಳಿಂದ ಬಲಕ್ಕೆ. ಈ ವರ್ಷ ಹೆಚ್ಚು ಹೆಚ್ಚು ಬಲಕ್ಕೆ.

ನಿರ್ದೇಶಕರ ಕೋಣೆಗೆ ಹೋಗಿ ಹೇಳಿದೆ. ನಡೆದ ಮಾತನ್ನು ಹಾಗೆಯೇ ಬರೆಯುತ್ತೇನೆ, ನೀವು ಕಲಿಸಿದ ಹಾಗೆ, ಸೇರಿಸದೆ ಬಿಡದೆ.

"ಸರ್, ನಾಲ್ಕನೇ ಕನ್ನಡಿಯನ್ನ ಪ್ರತಿ ವಾರ ಒಂದೇ ಕಡೆಗೆ ತಿರುಗಿಸ್ತಾ ಇದ್ದೀವಿ."

"ತಿರುಗಿಸಿದ ಮೇಲೆ ಸರಿ ಹೋಗುತ್ತಲ್ವಾ?"

"ಹೋಗುತ್ತೆ. ಮತ್ತೆ ಜಾರುತ್ತೆ."

"ಅದಕ್ಕೇ ಅಲ್ವೇನಮ್ಮ ತಿದ್ದುಪಡಿ ಅಂತ ಇರೋದು? ಕಳೆದು ಬಿಸಾಕು."

"ಕಳೆದದ್ದನ್ನೆಲ್ಲ ಕೂಡಿಸಿ ನೋಡಿದೆ ಸರ್. ಜಾರ್ತಾ ಇರೋದು ಕನ್ನಡಿ ಅಲ್ಲ, ಅದನ್ನ ಕೂರಿಸಿರೋ ಬಂಡೆ. ಅದರ ಕೆಳಗೇ ಕೆಳಮನೆ ಇದೆ."

ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಾನೂ ಅಲ್ಲೇ ಮಲಗೋದಲ್ವಾ? ನನಗೇನು ಜೀವದ ಮೇಲೆ ಆಸೆ ಇಲ್ವಾ? ಈಗ ಕುಳಿ ನಮ್ಮ ತಲೆ ಮೇಲೆ ಬರೋ ಕಾಲ. ಮೂರು ತಿಂಗಳು ಕಳೀಲಿ, ಆಮೇಲೆ ಬೆಟ್ಟವನ್ನೇ ಅಗೆಸೋಣ" ಎಂದು ನಕ್ಕರು. ನಾನೂ ನಕ್ಕೆ. ಹೊರಗೆ ಬಂದ ಮೇಲೆ ಯಾಕೆ ನಕ್ಕೆ ಎಂದು ಯೋಚಿಸಿದೆ.

ಹಿಂಜರಿಯುತ್ತಲೇ ಕೇಳುತ್ತೇನೆ, ದೊಡ್ಡಪ್ಪ. ಬಾಯಿಮಾತಿಗೆ ಬೆಲೆಯಿಲ್ಲ. ನೀವು ನನಗೊಂದು ಅರ್ಜಿ ಬರೆದುಕೊಡುತ್ತೀರಾ?

ನಿಮ್ಮ
ಯಾಕಮ್ಮ


ಮೇ ೩೦

ಚಿರಂಜೀವಿ ಯಾಕಮ್ಮನಿಗೆ,

ನಿನ್ನ ಪತ್ರ ಕೈಸೇರಿದ ಕೂಡಲೆ ಸರದಿಯಲ್ಲಿ ಕಾದಿದ್ದವರನ್ನೆಲ್ಲ ನಾಳೆ ಬನ್ನಿರೆಂದು ಕಳುಹಿಸಲಾಯಿತು. ಎಷ್ಟೋ ಮನೆಗಳ ಪಿಂಚಣಿ, ಎಷ್ಟೋ ಹೊಲಗಳ ಹದ್ದು ನನ್ನ ಕೈಬರಹದಿಂದ ಇತ್ಯರ್ಥವಾಗಿವೆ. ನನ್ನ ಮನೆಯ ಮಗುವಿಗಾಗಿ ಬರೆದದ್ದು ಇದೇ ಮೊದಲು. ಲಗತ್ತಿಸಿರುವ ಶುದ್ಧಪ್ರತಿಗೆ ಸಹಿ ಮಾಡಿ ಸಲ್ಲಿಸತಕ್ಕದ್ದು, ಒಂದಕ್ಷರವೂ ಬದಲಾಗಕೂಡದು. ನೀನು ಅವಸರದಲ್ಲಿ ಕೆಲವು ಸಾಲುಗಳನ್ನು ಬಿಟ್ಟು ಓದುವವಳಾದ್ದರಿಂದ ಮುಖ್ಯ ಭಾಗವನ್ನು ಇಲ್ಲಿಯೂ ನಕಲು ಮಾಡಿದ್ದೇನೆ:

"ಮಾನ್ಯರೆ, ತಮ್ಮ ಘನ ಸಾರಥ್ಯದಲ್ಲಿ ಈ ಸಂಸ್ಥೆಯು ಗಳಿಸಿರುವ ಕೀರ್ತಿಯು ಲೋಕವಿದಿತವಾಗಿದೆ. ಅಲ್ಪಮತಿಯಾದ ನನ್ನ ಲೆಕ್ಕದಲ್ಲಿ ದೋಷವಿರಲೂಬಹುದು. ಆದಾಗ್ಯೂ, ನಾಲ್ಕನೆಯ ದೂರದರ್ಶಕದ ಬುಡದ ಬಂಡೆಯು ಇಳಿಜಾರಿನ ಕಡೆಗೆ ಸರಿಯುತ್ತಿರುವಂತೆ ತೋರಿಬಂದಿರುವುದರಿಂದ, ತಮಗೆ ಅವಕಾಶವಾದಾಗ, ಕೆಲಸಕಾರ್ಯಗಳಿಗೆ ಅಡಚಣೆಯಾಗದ ರೀತಿಯಲ್ಲಿ, ಕೆಳಮನೆಯ ನಿವಾಸಿಗಳನ್ನು ಬೇರೆಡೆಗೆ ಸ್ಥಳಾಂತರಿಸುವ ವಿಷಯವನ್ನು ಪರಾಂಬರಿಸಬೇಕಾಗಿ ಸವಿನಯ ಪ್ರಾರ್ಥನೆ."

ಹೊಗಳಿಕೆ ಮೊದಲು, ತನ್ನನ್ನು ತಗ್ಗಿಸಿಕೊಳ್ಳುವುದು ನಂತರ, ಬೇಡಿಕೆ ಕೊನೆಗೆ. ನನಗೆ ಈ ವಿದ್ಯೆ ಕಲಿಸಿದ ಹಿರಿಯರ ಕ್ರಮ ಇದು. ತಿರಸ್ಕೃತವಾದ ಉದಾಹರಣೆ ಕಡಿಮೆ.

ಉತ್ತರ ಬರುವವರೆಗೆ ಬಂಡೆಯ ಕಡೆಯ ಕೋಣೆಯಲ್ಲಿ ಮಲಗಬೇಡ. ಇದು ನಿನ್ನ ದೊಡ್ಡಮ್ಮನ ಮಾತಲ್ಲ.

ದೊಡ್ಡಪ್ಪ


ಜೂನ್ ೨೧

ದೊಡ್ಡಪ್ಪನವರಿಗೆ,

ಅರ್ಜಿ ತಲುಪಿತು, ಸಲ್ಲಿಸಿದ್ದೂ ಆಯಿತು. ಅಕ್ಷರ ನೋಡಿ ಆಡಳಿತದವರೆಲ್ಲ ಬೆರಗಾದರು. "ಈ ಕಾಲದಲ್ಲಿ ಹೀಗೆ ಯಾರು ಬರೀತಾರಮ್ಮ?" ಎಂದು ಕೇಳಿದರು. ನಮ್ಮ ದೊಡ್ಡಪ್ಪ ಎಂದೆ.

ಉತ್ತರವನ್ನೂ ನಕಲು ಮಾಡಿ ಕಳಿಸುತ್ತಿದ್ದೇನೆ: "ಲೆಕ್ಕದಲ್ಲಿ ದೋಷವಿರಬಹುದೆಂದು ಅರ್ಜಿದಾರರೇ ಒಪ್ಪಿರುತ್ತಾರೆ. ಅವರೇ ಕೋರಿರುವಂತೆ, ಕೆಲಸಕಾರ್ಯಗಳಿಗೆ ಅಡಚಣೆಯಾಗದ ರೀತಿಯಲ್ಲಿ, ಈ ಬಾರಿಯ ವೀಕ್ಷಣೆ ಮುಗಿದು ಅವಕಾಶವಾದಾಗ ವಿಷಯವನ್ನು ಪರಿಶೀಲಿಸಲಾಗುವುದು."

ಇಲ್ಲಿ ಗಾಳಿ ಜೋರಾಗಿದೆ. ಒಗೆದ ಬಟ್ಟೆ ಬೇಗ ಒಣಗುತ್ತದೆ. ಕುಳಿಯ ಸುತ್ತಿನ ಉಂಡೆ ಮೊನ್ನೆ ಎರಡು ಸಲ ಹೊಳೆಯಿತು. ಬೆಳಕಿನ ದಿಕ್ಕು ಒಂದು ಪೂರ್ತಿ ಸುತ್ತು ಹಾಕಿದ್ದನ್ನು ಕಣ್ಣಾರೆ ಕಂಡು ನಿರ್ದೇಶಕರು ಚಿಕ್ಕ ಮಕ್ಕಳ ಹಾಗೆ ಕೈ ತಟ್ಟಿದರು.

ನಾಲ್ಕನೆಯದು ಈ ವಾರ ಅರ್ಧ ಸುತ್ತು. ಬಲಕ್ಕೆ.

ಯಾಕಮ್ಮ


ಜುಲೈ ೩

ಚಿರಂಜೀವಿಗೆ,

ನಿನ್ನ ಪತ್ರವನ್ನು ಮೆಟ್ಟಿಲ ಮೇಲೆ ಓದಲಿಲ್ಲ.

ಮೊದಲು ನನಗೆ ಬಂದದ್ದು ಕೋಪ. ಸೌಜನ್ಯದ ಮಾತನ್ನು ಸೌಜನ್ಯವೆಂದು ಓದಬೇಕೆಂಬ ತಿಳಿವಳಿಕೆಯಾದರೂ ದೊಡ್ಡ ಕುರ್ಚಿಯವರಿಗೆ ಬೇಡವೇ ಎಂದು ಮನೆಯೊಳಗೆ ಅತ್ತಿಂದಿತ್ತ ತಿರುಗಾಡಿದೆ. ನಿನ್ನ ದೊಡ್ಡಮ್ಮ ಅಕ್ಕಿ ಆರಿಸುತ್ತ ಕುಳಿತಿದ್ದವಳು ತಲೆ ಎತ್ತದೆ ಹೇಳಿದಳು: "ಮನೆಗೆ ಬೆಂಕಿ ಬಿದ್ರೂ ನೀವು 'ಅವಕಾಶವಾದಾಗ ಒಂದು ಕೊಡ ನೀರು ತರಬೇಕಾಗಿ ಪ್ರಾರ್ಥನೆ' ಅಂತಲೇ ಬರೀತೀರಿ. ಅವರು ನೀವು ಬರೆದದ್ದನ್ನೇ ಮಾಡಿದ್ದಾರೆ. ತಪ್ಪೇನು?"

ನಾನು ಅರ್ಜಿಯ ಕರಡನ್ನು ತೆಗೆದು ಮತ್ತೆ ಓದಿದೆ. ಊಟ ಮಾಡಲಿಲ್ಲ.

ನಾನು ಬರೆದುಕೊಡುತ್ತಿದ್ದ ಅರ್ಜಿಗಳಲ್ಲಿ ಕಾಯುವುದಕ್ಕೆ ವ್ಯವಧಾನವಿತ್ತು. ಪಿಂಚಣಿ ಒಂದು ವರ್ಷ ತಡವಾದೀತು, ಬಂದೇ ಬಂದೀತು. ಬಂಡೆಗೆ ಆ ಶಿಷ್ಟಾಚಾರವಿಲ್ಲ ಎಂಬುದನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ. ಸದರಿ ಅರ್ಜಿಯಲ್ಲಿನ ಹೊಗಳಿಕೆ, ವಿನಯ, ಅವಕಾಶ, ಅಡಚಣೆ ಇವೆಲ್ಲವನ್ನೂ ಈ ಮೂಲಕ ನಾನು ಹಿಂತೆಗೆದುಕೊಂಡಿದ್ದೇನೆ. ಉಳಿಯುವುದು ಒಂದೇ ವಾಕ್ಯ: ಆ ಮನೆ ಖಾಲಿ ಮಾಡಿ. ಅದನ್ನು ಹೇಗೆ ಹೇಳಿದರೆ ಅವರ ಕಿವಿಗೆ ಬೀಳುತ್ತದೆಂದು ನನಗೆ ತಿಳಿಯದು. ನಿನಗೆ ತಿಳಿದೀತು.

ಇಲ್ಲವೆಂದಾದರೆ ಮುಂದಿನ ಜೀಪಿನಲ್ಲಿ ಇಳಿದು ಬಾ.

ದೊಡ್ಡಪ್ಪ


ಜುಲೈ ೨೪

ಯಾಕಮ್ಮ,

ಎರಡು ಜೀಪು ಬಂದು ಹೋಗಿರಬೇಕು. ನಿನ್ನ ಪತ್ರವಿಲ್ಲ. ನಾನೇ ಫೋನು ಮಾಡಿದೆ, ಸಹಿಯ ಮಾತನ್ನು ಬದಿಗಿಟ್ಟು. ಯಾರೋ ತೆಗೆದುಕೊಂಡು "ಮಲಗಿದ್ದಾರೆ, ಎಬ್ಬಿಸೋ ಹಾಗಿಲ್ಲ" ಎಂದರು. ಎಲ್ಲಿ ಮಲಗಿದ್ದಾಳೆ ಎಂದು ಕೇಳುವುದರೊಳಗೆ ಇಟ್ಟುಬಿಟ್ಟರು.

ಎಲ್ಲಿ ಮಲಗಿದ್ದೆ?

ದೊಡ್ಡಪ್ಪ


ಆಗಸ್ಟ್ ೪

ದೊಡ್ಡಪ್ಪನವರಿಗೆ,

ಊಟದ ಹಾಲಿನ ಬೆಂಚಿನ ಮೇಲೆ ಮಲಗಿದ್ದೆ. ನಾನೊಬ್ಬಳೇ ಅಲ್ಲ, ಎಲ್ಲರೂ. ನಡೆದದ್ದನ್ನು ಹೇಳುತ್ತೇನೆ.

ನಿಮ್ಮ ಒಂದು ವಾಕ್ಯವನ್ನು ನಾನು ಬಾಯಲ್ಲಿ ಹೇಳಲಿಲ್ಲ, ಬರೆಯಲೂ ಇಲ್ಲ. ನಾಲ್ಕನೆಯದರ ಸಂಖ್ಯೆಯನ್ನು ಕೊಡುವುದನ್ನು ನಿಲ್ಲಿಸಿದೆ. ಅದಿಲ್ಲದೆ ಬೆಳಕಿನ ದಿಕ್ಕು ಸಿಗುವುದಿಲ್ಲ, ದಿಕ್ಕಿಲ್ಲದೆ ಕುಳಿಯ ವಾಲು ಸಿಗುವುದಿಲ್ಲ. ನಿರ್ದೇಶಕರು ಮೊದಲು ಕೂಗಾಡಿದರು, ಆಮೇಲೆ ಬೇಡಿಕೊಂಡರು. "ನಿನಗೆ ಏನ್ ಬೇಕು ಹೇಳು" ಎಂದರು. "ಕೆಳಮನೆಗೆ ಬೀಗ" ಎಂದೆ. ಆ ಸಂಜೆಯೇ ಬೀಗ ಬಿತ್ತು. ಅವರು ಮಾತಿಗೆ ತಪ್ಪುವವರಲ್ಲ. ಇದನ್ನು ನೀವು ತಿಳಿದಿರಬೇಕು. ನಾನೂ ಸಂಖ್ಯೆ ಕೊಟ್ಟೆ.

ಫಲಿತಾಂಶ ಬಂದಿದೆ, ದೊಡ್ಡಪ್ಪ. ಬುಗುರಿಯನ್ನು ನಾವು ಹೆಚ್ಚುಕಡಿಮೆ ನೆತ್ತಿಯ ಮೇಲಿಂದಲೇ ನೋಡುತ್ತಿದ್ದೇವೆ. ಅದರ ಮುಖ ನಮ್ಮ ಕಡೆಗಿದೆ. ದೊಡ್ಡಮ್ಮ ಹೆದರಬೇಕಾಗಿಲ್ಲ, ಅಷ್ಟು ದೂರದಿಂದ ಅದು ನಮಗೇನೂ ಮಾಡಲಾರದು. ಅಷ್ಟು ದೂರದ್ದರ ವಾಲನ್ನು ಇಲ್ಲಿ ಎಲ್ಲರೂ ಒಂದೇ ಮಾತಿಗೆ ಒಪ್ಪಿದರು.

ಆದರೆ ಬೀಗ ಹಾಕಿದಂದಿನಿಂದ ಮೇಸ್ತ್ರಿಗಳು ನಾಲ್ಕನೆಯದಕ್ಕೆ ವಾರವಾರವೂ "ಸೊನ್ನೆ" ಎಂದೇ ಕೂಗುತ್ತಿದ್ದಾರೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ನಾಲ್ಕನೆಯದರ ಬೆಳಕು ಸ್ವಲ್ಪ ಮಂಕಾಗಿದೆ. ಧೂಳು ಕೂತಿದೆ, ಆಮೇಲೆ ತೊಳೆಯೋಣ ಎನ್ನುತ್ತಾರೆ. ಬೆಂಚಿನ ಮೇಲೆ ಬೆನ್ನು ಹಿಡಿದುಕೊಂಡವರೆಲ್ಲ ನನ್ನನ್ನು ನೋಡುವ ನೋಟವೇ ಬೇರೆಯಾಗಿದೆ. ಊಟಕ್ಕೆ ಕೂತರೆ ಒಬ್ಬರು, "ತಟ್ಟೆ ಗಟ್ಟಿಯಾಗಿ ಹಿಡ್ಕೊಳ್ರಪ್ಪ, ಬೆಟ್ಟ ಜಾರುತ್ತಂತೆ" ಎನ್ನುತ್ತಾರೆ. ಮೇಸ್ತ್ರಿಗಳು, "ಬೀಳೋವಾಗ ಒಂದು ಕೂಗು ಹಾಕಮ್ಮ, ಪಂಚೆ ಸುತ್ಕೊಂಡು ಬರ್ತೀನಿ" ಎನ್ನುತ್ತಾರೆ. ದಿನಾ ಬೆಳಗ್ಗೆ ಎದ್ದು ಕೆಳಮನೆಯ ಕಡೆ ನೋಡುತ್ತೇನೆ. ನಿಂತೇ ಇರುತ್ತದೆ. ನಿನ್ನೆ ನನಗೆ ಅನಿಸಿದ್ದನ್ನು ನಿಮಗೊಬ್ಬರಿಗೇ ಬರೆಯುತ್ತೇನೆ: ಅದು ಬೀಳಬಾರದೇ, ಅನಿಸಿತು.

ನಿರ್ದೇಶಕರು ಒಂದು ಹಾಳೆ ಕೊಟ್ಟಿದ್ದಾರೆ. ನನ್ನ ಆತಂಕಕ್ಕೆ ಆಧಾರವಿರಲಿಲ್ಲ, ಮನೆ ತೆರೆಯಲು ನನ್ನ ಅಭ್ಯಂತರವಿಲ್ಲ ಎಂದು ಅದರಲ್ಲಿದೆ. ಸಹಿ ಹಾಕಿದರೆ ಅಚ್ಚಾಗುವ ಲೇಖನದಲ್ಲಿ ಮೊದಲ ಹೆಸರು ನನ್ನದು. ಇಲ್ಲದಿದ್ದರೆ ನನ್ನ ಹೆಸರು ಇರುವುದಿಲ್ಲ, ಈ ಬೆಟ್ಟದಲ್ಲಿ ನನ್ನ ಕೆಲಸವೂ ಇರುವುದಿಲ್ಲ. ಸೊನ್ನೆಗಳನ್ನು ನೋಡಿದರೆ ನನ್ನ ಲೆಕ್ಕವೇ ತಪ್ಪೆಂದು ನನಗೂ ಅನಿಸತೊಡಗಿದೆ.

ನಿಮ್ಮ ಚೌಕಟ್ಟು ಖಾಲಿ ಇದೆ. ಏನು ಮಾಡಲಿ?

ಯಾಕಮ್ಮ


ಆಗಸ್ಟ್ ೧೨

ಯಾಕಮ್ಮ,

ಈ ಪತ್ರದ ಕರಡನ್ನು ಮೂರು ಸಲ ಬರೆದು ಹರಿದೆ. ಇದು ಶುದ್ಧಪ್ರತಿಯಲ್ಲ. ಚಿತ್ತುಗಳಿವೆ, ಸಹಿಸಿಕೊ.

ಸಹಿ ಹಾಕಬೇಡ.

ನಿನ್ನ ಲೆಕ್ಕ ಸರಿಯೋ ತಪ್ಪೋ ನಾನು ಅರಿಯೆ. ಬೀದಿಯಲ್ಲಿ ನಾನು ನಿನ್ನ ಬಗ್ಗೆ ಕೊಚ್ಚಿಕೊಂಡದ್ದು ಬಹಳ. ಹೆಸರು ಬರಲಿಲ್ಲವೆಂದಾಗ ಜೆರಾಕ್ಸಿನವನು ಏನೆನ್ನುತ್ತಾನೆ ಎಂಬುದನ್ನೂ ನಾನು ಬಲ್ಲೆ. ಅನ್ನಲಿ. ನನ್ನ ವಯಸ್ಸಿಗೆ ಅಷ್ಟು ಮಾತು ಜೀರ್ಣವಾಗುತ್ತದೆ.

ಬೀಳಬಾರದೇ ಎಂದು ಅನಿಸಿತೆಂದು ಬರೆದಿದ್ದೀಯೆ. ಅದಕ್ಕಾಗಿ ನಿನ್ನನ್ನು ನೀನು ಹಳಿದುಕೊಳ್ಳಬೇಡ, ಆದರೆ ಹಾಗೆ ಬಯಸಬೇಡ. ಅದು ಎಂದೆಂದಿಗೂ ಬೀಳದಿರಲಿ. ನೀನು ಕೊನೆಯವರೆಗೂ ಹುಚ್ಚಿ, ಸುಳ್ಳುಗಾತಿ ಎನಿಸಿಕೊಂಡೇ ಇರು. ಅವರೆಲ್ಲ ಮುದುಕರಾಗಿ, ಮೊಮ್ಮಕ್ಕಳನ್ನು ಕೂರಿಸಿಕೊಂಡು ನಿನ್ನನ್ನು ಬೈಯಲಿ. ಬೈಯುವುದಕ್ಕೆ ಮನುಷ್ಯ ಬದುಕಿರಬೇಕಷ್ಟೆ.

ನಿನ್ನ ದೊಡ್ಡಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ. ನಾನು ಹೇಳಿದ್ದಕ್ಕಲ್ಲ.

ದೊಡ್ಡಪ್ಪ


ಆಗಸ್ಟ್ ೨೦

ದೊಡ್ಡಪ್ಪನವರಿಗೆ,

ಸಹಿ ಹಾಕಲಿಲ್ಲ. "ಆಯ್ತಮ್ಮ, ನಿನ್ನದು ಬೇಡ, ನಾನೇ ಹಾಕ್ತೀನಿ" ಎಂದು ನಿರ್ದೇಶಕರು ತಾವೇ ಸಹಿ ಮಾಡಿ ಇವತ್ತು ಬೆಳಗ್ಗೆ ಬೀಗ ತೆಗೆಸಿದರು. ಎಲ್ಲರಿಗಿಂತ ಮೊದಲು ತಾವೇ ದಿಂಬು ಹಿಡಿದುಕೊಂಡು ಇಳಿದು ಹೋದರು. ಉಳಿದವರು ಊಟ ಮುಗಿಸಿ ಹೋಗುವುದೆಂದಾಯಿತು. ನನಗೆ ಮಧ್ಯಾಹ್ನದ ಜೀಪಿಗೆ ಹೊರಡುವಂತೆ ಹೇಳಿದ್ದರು.

ಪೆಟ್ಟಿಗೆ ಕಟ್ಟಿಟ್ಟು, ಮೇಸ್ತ್ರಿಗಳಿಗೆ ಹೋಗಿಬರುತ್ತೇನೆಂದು ಹೇಳಲು ಊಟದ ಹಾಲಿಗೆ ಹೋದೆ. ಅವರು ತಟ್ಟೆಯ ಮುಂದೆ ಕೂತಿದ್ದರು. ಹೊರಡುವವಳೆಂದು ಅವರಿಗೂ ಒಂದು ಥರ ಆಗಿರಬೇಕು.

"ಬೇಜಾರ್ ಮಾಡ್ಕೋಬೇಡಮ್ಮ. ತಮಾಷೆಗೆ ಏನೋ ಅಂದೆ."

"ಇಲ್ಲ ಮೇಸ್ತ್ರಿಗಳೇ. ಒಂದೇ ಒಂದು ಹೇಳಿ. ಇಷ್ಟು ವರ್ಷ ಬಲಕ್ಕೆ ತಿರುಗಿಸಿದ್ರಲ್ಲ, ಈಗ ಯಾಕೆ ತಿರುಗಿಸೋದು ಬೇಡವಾಯ್ತು?"

"ಬೇಡ ಅಂತ ಯಾರಂದ್ರು?"

"ನೀವೇ. ಸೊನ್ನೆ ಅಂದ್ರಿ."

"ತಿರುಗಿಸಿದ್ದು ಸೊನ್ನೆ ಅಂದೆ. ನೀನು ಕೇಳೋದು ಎಷ್ಟು ತಿರುಗಿಸಿದ್ರಿ ಅಂತ ತಾನೇ? ಎಲ್ಲಿ ತಿರುಗಿಸ್ಲಿ? ತಿರುಪು ಮುಗಿದುಹೋಗಿದೆ. ಬಲಕ್ಕೆ ಕೊನೇವರೆಗೂ ಹೋಗಿ ಕಚ್ಚಿಕೊಂಡು ನಿಂತಿದೆ. ಹೊಸದು ಬರಲಿ, ಆಮೇಲೆ ನೋಡೋಣ ಅಂತ..."

ಅನ್ನ ಕಲಸುತ್ತಿದ್ದ ಕೈ ಹಾಗೆಯೇ ನಿಂತಿತು. ತಾವೇನು ಹೇಳಿದೆವೆಂಬುದು ಅವರಿಗೆ ಹೇಳಿದ ಮೇಲೆ ತಿಳಿಯಿತು. ಪಕ್ಕದವರಿಗೂ ತಿಳಿಯಿತು. ಮಂಕಾದದ್ದು ಧೂಳಿನಿಂದಲ್ಲ, ಬೆಳಕು ಕನ್ನಡಿಯಿಂದ ಹೊರಗೆ ಬೀಳುತ್ತಿತ್ತು. ಅಷ್ಟು ವಾರಗಳ ಜಾರು ಯಾವ ಸಂಖ್ಯೆಯೂ ಆಗದೆ ಬಂಡೆಯಲ್ಲಿ ಕೂಡಿಕೊಂಡು ಬಿದ್ದಿತ್ತು. ಅದನ್ನು ಸೊನ್ನೆ ಎಂದು ಓದಿಕೊಂಡು ಅವರು ಗೆದ್ದೆವೆಂದುಕೊಂಡಿದ್ದರು, ನಾನು ಸೋತೆನೆಂದುಕೊಂಡಿದ್ದೆ.

ನಾನು ಓಡಿದೆ. ಹಿಂದೆ ಯಾರೋ ಕೂಗಿದರು, ನಿಲ್ಲಲಿಲ್ಲ. ಕೆಳಮನೆಯಲ್ಲಿ ನಿರ್ದೇಶಕರ ಬಾಗಿಲಿಗೆ "ಎಬ್ಬಿಸಬಾರದು" ಎಂಬ ಹಲಗೆ ತೂಗುತ್ತಿತ್ತು. ಹಗಲು ಮಲಗಿದವರ ಬಾಗಿಲನ್ನು ಈ ಬೆಟ್ಟದಲ್ಲಿ ಇದುವರೆಗೆ ಯಾರೂ ಬಡಿದವರಿಲ್ಲ. ಎರಡೂ ಕೈಯಿಂದ ಬಡಿದೆ. ಕೆಂಪುಗಣ್ಣಿನಲ್ಲಿ ಬಾಗಿಲು ತೆರೆದರು.

"ಸರ್, ತಿರುಪು ಮುಗಿದಿದೆ."

ಅವರು ನನ್ನ ಮುಖವನ್ನೇ ನೋಡಿದರು. ಮನಸ್ಸಿನಲ್ಲಿ ಕೂಡಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅವರು ನನಗಿಂತ ಚೆನ್ನಾಗಿ ಕೂಡಿಸಬಲ್ಲರು. ಚಪ್ಪಲಿಗಾಗಿ ತಿರುಗಲಿಲ್ಲ. ಬರಿಗಾಲಿನಲ್ಲಿ ನನ್ನ ಹಿಂದೆ ಹತ್ತಿ ಬಂದರು.

ಈಗ ಎಲ್ಲರೂ ಬೆಟ್ಟದ ನೆತ್ತಿಯ ಆಚೆ ತುದಿಯಲ್ಲಿ, ಒಂದನೆಯ ದೂರದರ್ಶಕದ ನೆರಳಿನಲ್ಲಿ ಕೂತಿದ್ದೇವೆ. ಒಂದೇ ಜೀಪು, ಸರದಿಯ ಮೇಲೆ ಇಳಿಸುತ್ತಿದ್ದಾರೆ. ಮೊದಲು ಹೊರಟವರ ಕೈಯಲ್ಲಿ ಈ ಪತ್ರ ಕೊಡುತ್ತೇನೆ. ನನ್ನ ಸರದಿ ಕೊನೆಗಿರಲೆಂದು ನಾನೇ ಕೇಳಿಕೊಂಡೆ. ದೊಡ್ಡಮ್ಮನಿಗೆ ಹೇಳಬೇಡಿ.

ಇಲ್ಲಿಂದ ಕೆಳಮನೆ ಕಾಣುತ್ತದೆ. ಕಿಟಕಿಯ ಪರದೆಗಳು ಎಳೆದಿವೆ, ಬಾಗಿಲು ತೆರೆದೇ ಇದೆ. ನಿಂತಿದೆ. ನಿರ್ದೇಶಕರು ನನ್ನ ಪಕ್ಕದಲ್ಲಿಯೇ ಕಾಲು ಚಾಚಿ ಕೂತಿದ್ದಾರೆ, ಅಂಗಾಲಿನಲ್ಲಿ ರಕ್ತ ಬಂದಿದೆ. ಅವರ ಆಚೆ ಮೇಸ್ತ್ರಿಗಳು ಕೂತಿದ್ದಾರೆ. ನೀವು ಹೇಳಿದಿರಿ, ದೊಡ್ಡಪ್ಪ, ಅವರೆಲ್ಲ ಬೈಯಲಿ ಎಂದು. ಯಾರಾದರೊಬ್ಬರು ಬೈಯಲಿ ಎಂದು ನಾನು ಇಷ್ಟು ಹೊತ್ತಿನಿಂದ ಕಾಯುತ್ತಿದ್ದೇನೆ. ಯಾರೂ ಬೈಯುತ್ತಿಲ್ಲ.

ನಿಮ್ಮ
ಯಾಕಮ್ಮ